ದೆವ್ವ ಹೇಳಿದ ಹೆಸರು

ಹ್ಯಾಂಡ್‌ಪೋಸ್ಟ್ ಅನ್ನುವ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಕೈಮರ ಅನ್ನುತ್ತಾರೆ. ಕೋಟೆ ಕಡೆಗೊಂದು, ಸರಗೂರು ಕಡೆಗೊಂದು, ಮೈಸೂರು ಕಡೆಗೊಂದು ದಾರಿ. ಈ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾದು ಕಾದೇ ನಾವು ಡಿಗ್ರಿ ಮುಗಿಸಿದವರು. ನಮ್ಮ ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿನವರು. ಅಲ್ಲಲ್ಲಿ ಪದ್ಯ ಬರೆಯುತ್ತೇವೆ, ಅಷ್ಟಿಷ್ಟು ಇಂಗ್ಲಿಷು ಓದುತ್ತೇವೆ. ಬೆಂಗಳೂರಲ್ಲಿ ಕೆಲಸಕ್ಕಿರುವ ಗೆಳೆಯನೊಬ್ಬ ಹಬ್ಬಕ್ಕೆ ಬಂದಾಗ ಒಂದು ಇಂಗ್ಲಿಷ್ ಕಾದಂಬರಿ ಬಿಟ್ಟು ಹೋದ. ಅದು ನಮ್ಮ ಕೈಯಿಂದ ಕೈಗೆ ಸುತ್ತಿ, ರಟ್ಟು ಕಿತ್ತುಹೋಗುವವರೆಗೂ ಓದಿಸಿಕೊಂಡಿತು.

ಕತೆ ದೊಡ್ಡದೇನಲ್ಲ. ಒಂದು ದೊಡ್ಡ ಪಟ್ಟಣ. ರಾತ್ರಿಯಾದರೆ ಮನುಷ್ಯರ ವೇಷದಲ್ಲಿ ರಾಕ್ಷಸರು ಓಡಾಡುತ್ತಾರೆ. ಅವರನ್ನು ಹುಡುಕಿ ಕೊಲ್ಲುವವಳು ಒಬ್ಬಳು ಹುಡುಗಿ. ಅವಳ ಮೈಯೊಳಗೇ ಒಂದು ದೆವ್ವ ಸೇರಿಕೊಂಡಿದೆ. ಆ ದೆವ್ವ ಅವಳಿಗೆ ಬಲ ಕೊಡುತ್ತದೆ, ಕತ್ತಲಲ್ಲಿ ಕಣ್ಣು ಕೊಡುತ್ತದೆ, ಆಮೇಲೆ ಅದಕ್ಕೆ ಬೆಲೆಯನ್ನೂ ಕೇಳುತ್ತದೆ. ಇಂಥ ಪುಸ್ತಕಗಳು ಇಂಗ್ಲಿಷಿನಲ್ಲಿ ರಾಶಿ ಬಿದ್ದಿವೆ. ಅಮೆರಿಕದ ಟಿ.ವಿ.ಯಲ್ಲಿ 1997ರಿಂದ 2003ರವರೆಗೆ ನಡೆದ 'ಬಫಿ' ಧಾರಾವಾಹಿಯಲ್ಲಿ ಶಾಲೆಗೆ ಹೋಗುವ ಹುಡುಗಿಯೇ ಪಿಶಾಚಿಗಳ ಬೇಟೆಗಾರ್ತಿ. ಅದಕ್ಕೂ ಮುಂಚೆ ದೆವ್ವ ಹಿಡಿದ ಹುಡುಗಿಗೆ ಅಲ್ಲೂ ಇಂಥ ಮರ್ಯಾದೆ ಇರಲಿಲ್ಲ. 1971ರಲ್ಲಿ ವಿಲಿಯಂ ಪೀಟರ್ ಬ್ಲ್ಯಾಟಿ ಬರೆದ 'ದಿ ಎಕ್ಸಾರ್ಸಿಸ್ಟ್' ಕಾದಂಬರಿಯಲ್ಲಿ ಹುಡುಗಿ ಮಂಚಕ್ಕೆ ಕಟ್ಟಿಹಾಕಿಸಿಕೊಂಡು ಬಿದ್ದಿರುತ್ತಾಳೆ. ಹೋರಾಟವೆಲ್ಲ ಪಾದ್ರಿಗಳದು, ಸಾವೂ ಅವರದೇ, ಹೆಸರೂ ಅವರದೇ. ಆ ಮಂಚದಿಂದ ಎದ್ದು ಹುಡುಗಿ ತಾನೇ ಬೇಟೆಗೆ ಹೊರಟಳು ಅನ್ನುವುದು ಈ ಹೊಸ ಕತೆಗಳ ಸುದ್ದಿ.

ಪುಸ್ತಕ ಓದಿದವರು ಸುಮ್ಮನಿರಲಾರೆವು. ಹಟ್ಟಿಯ ಜಗಲಿಯಲ್ಲಿ ಕೂತು ಕತೆಯನ್ನು ನಮ್ಮ ಮಾತಿನಲ್ಲಿ ಹೇಳಿದೆವು. ಹೆಂಗಸರು ಅವರೆಕಾಯಿ ಸುಲಿಯುತ್ತ ಕೇಳಿದರು. ದೆವ್ವ ಹಿಡಿದವಳು ರಾಕ್ಷಸನ ಎದೆಗೆ ಚೂರಿ ಹಾಕಿದಳು ಅನ್ನುವವರೆಗೆ ಯಾರೂ ಅಡ್ಡ ಬಾಯಿ ಹಾಕಲಿಲ್ಲ. ಆಮೇಲೆ ನಮ್ಮ ಚಿಕ್ಕವ್ವ ಕೇಳಿದಳು:

"ಅಲ್ಲ ಕನ ಮಗ, ದೆವ್ವ ಮೆಟ್ಕಂಡದೆ ಅಂತ ಗೊತ್ತಾದ್ ಮೇಲೂ ಅವ್ಳ್‌ಗೆ ಯಾರೂವೆ ಮೆಣಸಿನ್‌ಕಾಯಿ ಹೊಗೆ ಹಾಕ್ನಿಲ್ವಾ?"

ಎಲ್ಲರೂ ನಕ್ಕರು. ಚಿಕ್ಕವ್ವ ನಗಲಿಲ್ಲ. ಅವಳಿಗೆ ಹೊಗೆ ಹಾಕಿದ್ದರು.

ನಮ್ಮ ಕಡೆಯ ನಾಲ್ಕು ತಾಲೂಕುಗಳಲ್ಲಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆಯಲ್ಲಿ, ದೆವ್ವ ಅಂದರೆ ಏನು ಅಂತ ಯಾರಿಗೂ ಪಾಠ ಮಾಡಬೇಕಾಗಿಲ್ಲ. ಗಾಳಿ ಸೋಕಿತು ಅಂತಾರೆ, ಪೀಡೆ ಅಂತಾರೆ, ಮೆಟ್ಕಂಡದೆ ಅಂತಾರೆ. ಹಿಡಿಯುವುದು ಬಹಳ ಮಟ್ಟಿಗೆ ಹೆಂಗಸರನ್ನು. ಅದರಲ್ಲೂ ಹೊಸದಾಗಿ ಮದುವೆಯಾದವಳನ್ನು, ಬಾಣಂತಿಯನ್ನು, ರಾತ್ರಿ ಕೆಲಸಕ್ಕೆ ಹೋದವಳನ್ನು. ಬಿಡಿಸುವವನು ಬಹಳ ಮಟ್ಟಿಗೆ ಗಂಡಸು. ಬಿಡಿಸುವ ಬಗೆಗಳೂ ಗೊತ್ತಿರುವಂಥವೇ. ಕಟ್ಟಿಹಾಕುವುದು, ಹುಣಸೆ ಬರಲಿನಲ್ಲಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಚಪ್ಪಲಿ ಅದ್ದಿದ ನೀರು ಕುಡಿಸುವುದು. ಇದು ನಾವು ಕಟ್ಟಿ ಹೇಳುವ ಮಾತಲ್ಲ. ಕರ್ನಾಟಕ ಸರ್ಕಾರ 2017ರಲ್ಲಿ ಮಾಡಿ 2020ರ ಜನವರಿಯಲ್ಲಿ ಜಾರಿಗೆ ತಂದ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಇವೆಲ್ಲ ಒಂದೊಂದಾಗಿ ಬರೆದಿವೆ. ಹಗ್ಗ, ಸರಪಳಿ, ಕೋಲು, ಚಾಟಿ, ಹೊಗೆ, ಚಪ್ಪಲಿ ನೀರು. ನಮ್ಮ ಹೆಂಗಸರ ಮೈಮೇಲೆ ಏನೇನು ನಡೆದಿದೆ ಅನ್ನುವುದಕ್ಕೆ ಸರ್ಕಾರವೇ ಕೊಟ್ಟ ಪಟ್ಟಿ ಅದು.

ಆದರೆ ಆ ಪಟ್ಟಿಯಲ್ಲಿ ಒಂದು ಸಂಗತಿ ಇಲ್ಲ. ದೆವ್ವ ಏನು ಹೇಳಿತು ಅನ್ನುವುದು.

ಚಿಕ್ಕವ್ವನ ವಿಷಯ ಹೇಳಬೇಕು. ನಮ್ಮ ಕಡೆ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆ. ಸೊಪ್ಪು ಮುರಿದು ತಂದ ಮೇಲೆ ಹೆಂಗಸರು ಅದನ್ನು ಕಡ್ಡಿಗೆ ಸಾಲಾಗಿ ಕಟ್ಟಬೇಕು. ಗಂಡಸರು ಬ್ಯಾರನ್ನಿನ ಒಳಗೆ ಏರಿಸಬೇಕು. ಆಮೇಲೆ ಹಗಲೂ ರಾತ್ರಿ ಸೌದೆ ಉರಿ ಹಾಕಿ ಬೇಯಿಸಬೇಕು. ಕಾವು ಹೆಚ್ಚಾದರೂ ಸೊಪ್ಪು ಕೆಡುತ್ತದೆ, ಕಮ್ಮಿಯಾದರೂ ಕೆಡುತ್ತದೆ. ಸೊಪ್ಪಿಗೆ ಇಷ್ಟೆಲ್ಲ ಆರೈಕೆ. ಕಟ್ಟುವ ಕೈಗೆ ಇಲ್ಲ. ಹಸಿ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ಅದರಲ್ಲೂ ಮಂಜಿನಲ್ಲೋ ಮಳೆಯಲ್ಲೋ ನೆನೆದ ಸೊಪ್ಪಾದರೆ ಇನ್ನೂ ಬೇಗ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಮೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಡಾಕ್ಟರು ಇದಕ್ಕೊಂದು ಹೆಸರು ಹೇಳುತ್ತಾರೆ. ಹಟ್ಟಿಯಲ್ಲಿ ಗಾಳಿ ಅನ್ನುತ್ತಾರೆ.

ಹೀಗೆ ಒಂದು ಬೆಳಗಿನ ಜಾವ ಚಿಕ್ಕವ್ವ ಬ್ಯಾರನ್ ಕೆಲಸದಿಂದ ಬಂದವಳು ಹಲ್ಲು ಕಚ್ಚಿಕೊಂಡು ಬಿದ್ದಳು. ಎದ್ದಾಗ ದನಿ ಬೇರೆಯಾಗಿತ್ತು. ಇಷ್ಟು ದಿವಸ 'ಬುದ್ದೀ' ಅಂತಿದ್ದ ನಾಲಿಗೆ ಧಣಿಯನ್ನು ಏಕವಚನದಲ್ಲಿ ಕರೆಯಿತು. ಮೂರು ವಾರದ ಕೂಲಿ ಎಲ್ಲಿ ಅಂತ ಕೇಳಿತು. ಬ್ಯಾರನ್ ಹಿಂದೆ ಏನು ನಡೆಯಿತು ಅನ್ನುವುದನ್ನೂ ಹೇಳಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಚಿಕ್ಕವ್ವನ ಮಾತು, ಅವಳು ಹೇಳಿದಾಗ ಕೇಳಬೇಕಾದ್ದು.

ಮಂತ್ರವಾದಿ ಬಂದ. ದೆವ್ವ ಬಿಡಿಸುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮೊದಲು ನಡೆಯುವುದು ವಿಚಾರಣೆ. ಯಾರು ನೀನು? ಎಲ್ಲಿಂದ ಬಂದೆ? ಇವಳನ್ನು ಯಾಕೆ ಹಿಡಿದೆ? ಏನು ಬೇಕು? ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಬೇಕಾದ ಪ್ರಶ್ನೆಗಳೆಲ್ಲ ಇಲ್ಲೇ ಕೇಳಲಾಗುತ್ತದೆ. ಚಿಕ್ಕವ್ವ ಎಲ್ಲದಕ್ಕೂ ಉತ್ತರ ಕೊಟ್ಟಳು. ಹೆಸರು ಹೇಳು ಅಂದಾಗ ಬ್ಯಾರನ್ ಧಣಿಯ ಹೆಸರು ಹೇಳಿದಳು. ಬರಲು ಬಿತ್ತು. ಮತ್ತೆ ಕೇಳಿದರು, ಮತ್ತೆ ಅದೇ ಹೆಸರು. ಹೊಗೆ ಹಾಕಿದರು. ಕೊನೆಗೆ ಕೆಮ್ಮುತ್ತ, ಕಣ್ಣು ಬಿಡಲಾಗದೆ, ಯಾವಾಗಲೋ ಬಾವಿಗೆ ಬಿದ್ದು ಸತ್ತ ಕೇರಿಯ ಹೆಂಗಸೊಬ್ಬಳ ಹೆಸರು ಹೇಳಿದಳು. ತಕ್ಷಣ ಏಟು ನಿಂತಿತು. ದೆವ್ವ ಸಿಕ್ಕಿತು ಅಂದರು. ನಿಂಬೆಹಣ್ಣು ಕೊಯ್ದರು, ಕೋಳಿ ನಿವಾಳಿಸಿದರು, ಕೈಗೆ ತಾಯತ ಕಟ್ಟಿದರು.

ಬದುಕಿರುವವನ ಹೆಸರು ಹೇಳಿದ್ದಕ್ಕೆ ಏಟು. ಸತ್ತವಳ ಹೆಸರು ಹೇಳಿದ್ದಕ್ಕೆ ಬಿಡುಗಡೆ. ಆ ಸತ್ತವಳಾದರೂ ಯಾರು? ಅವಳೂ ನಮ್ಮವಳೇ. ಅವಳು ಬಾವಿಗೆ ಯಾಕೆ ಬಿದ್ದಳು ಅಂತ ಅವತ್ತೂ ಯಾರೂ ಕೇಳಿರಲಿಲ್ಲ.

ಇದೇ ಚಿಕ್ಕವ್ವನ ಮೇಲೆ ಮುಂದಿನ ಬೇಸಿಗೆಯ ಮಾರಿಹಬ್ಬದಲ್ಲಿ ದೇವರು ಬಂತು. ತಮಟೆ ಏರಿದ ಹಾಗೆ ಬೇವಿನ ಸೊಪ್ಪು ಹಿಡಿದು ಕುಣಿದಳು. ಕುಣಿಯುತ್ತ ಕೇರಿ ದಾಟಿದಳು, ಊರೊಳಕ್ಕೆ ಹೋದಳು, ಅದೇ ಧಣಿಯ ಮನೆ ಮುಂದೆ ನಿಂತಳು. ಅದೇ ಏಕವಚನ, ಅದೇ ಪ್ರಶ್ನೆ. 'ನನ್ ಮಕ್ಕಳ ಕೂಲಿ ತಿಂದಿದೀಯಲ್ಲ, ನಿನ್ ಮನೆ ಉಳಿದದಾ?' ಧಣಿ ಹೆಗಲ ಟವೆಲ್ ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ಬಂದ. ಅವನ ಹೆಂಡತಿ ಬಿಂದಿಗೆ ನೀರು ತಂದು ಚಿಕ್ಕವ್ವನ ಕಾಲಿಗೆ ಸುರಿದಳು. ತಪ್ಪಾಯ್ತು ತಾಯಿ ಅಂದರು. ಮಡಿಲಿಗೆ ಅಕ್ಕಿ, ಕಾಯಿ, ಕಣ ಹಾಕಿದರು. ಕೂಲಿ ಮಾತ್ರ ಕೊಡಲಿಲ್ಲ. ದೇವರಿಗೆ ಕೂಲಿ ಕೊಡುವ ರೂಢಿ ಇಲ್ಲ.

ಹಬ್ಬ ಕಳೆದ ಮೂರನೆಯ ದಿನ ಅವಳು ಅದೇ ಮನೆಯ ಹಿತ್ತಲಲ್ಲಿ ನಿಂತು 'ಬುದ್ದೀ' ಅಂದಳು.

ಒಬ್ಬಳೇ ಹೆಂಗಸು. ಒಂದೇ ಬಾಯಿ. ಹೇಳಿದ್ದೂ ಒಂದೇ ಮಾತು. ಕಾರ್ತೀಕದಲ್ಲಿ ಹೇಳಿದರೆ ದೆವ್ವ, ಮಾರಿಹಬ್ಬದಲ್ಲಿ ಹೇಳಿದರೆ ದೇವರು. ದೆವ್ವಕ್ಕೂ ದೇವರಿಗೂ ಇರುವ ವ್ಯತ್ಯಾಸವನ್ನು ದೊಡ್ಡ ದೊಡ್ಡ ಪಂಡಿತರು ಏನೇನೋ ಹೇಳಿದ್ದಾರೆ. ನಮಗೆ ಕಂಡದ್ದು ಇಷ್ಟೆ. ವ್ಯವಸ್ಥೆ ಯಾವತ್ತು ಬೈಸಿಕೊಳ್ಳಲು ತಯಾರಾಗಿರುತ್ತದೋ ಅವತ್ತು ಬೈದವಳು ದೇವರು. ಉಳಿದ ದಿನ ಬೈದವಳು ದೆವ್ವ.

ಇದು ನಮ್ಮ ಹಟ್ಟಿಯೊಂದರ ಕತೆಯಲ್ಲ. ಥರ್ಸ್ಟನ್ ಎಂಬ ಇಂಗ್ಲಿಷಿನವನು 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟಗಳ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಮಾತಂಗಿಯ ವಿವರ ಬರುತ್ತದೆ. ಮಾದಿಗರ ಹೆಣ್ಣು, ಮದುವೆಯಿಲ್ಲದೆ ದೇವಿಗೆ ಬಿಟ್ಟವಳು. ಮೈಮೇಲೆ ದೇವಿ ಬಂದಾಗ ಅವಳು ಸೇರಿದ ಜನರ ಮೇಲೆ ಉಗುಳುತ್ತಾಳೆ, ಬೈಯುತ್ತಾಳೆ, ಕೋಲಿನಿಂದ ಮುಟ್ಟುತ್ತಾಳೆ. ಮುಟ್ಟಿದರೆ ಮೈಲಿಗೆ ಅನ್ನುವ ಮೇಲ್ಜಾತಿಯವರೇ ಅವತ್ತು ಆ ಉಗುಳಿಗೆ ಮೈಯೊಡ್ಡುತ್ತಾರೆ, ಅದರಿಂದ ಶುದ್ಧರಾದೆವು ಅಂದುಕೊಳ್ಳುತ್ತಾರೆ. ಓದುವಾಗ ನಮಗೂ ಮೈ ಜುಮ್ಮೆಂದಿತು. ಇಂಗ್ಲಿಷ್ ಕಾದಂಬರಿಯ ಬೇಟೆಗಾರ್ತಿ ನಮ್ಮಲ್ಲೇ ಇದ್ದಳಲ್ಲ ಅನ್ನಿಸಿತು. ಆದರೆ ಉಗುಳಿಸಿಕೊಂಡವನು ಮನೆಗೆ ಹೋಗಿ ಉಂಡು ಮಲಗಿದ. ಉಗುಳಿದವಳು ವರ್ಷವಿಡೀ ಊರಿನ ಸೊತ್ತಾಗಿ ಉಳಿದಳು. ಹೆಣ್ಣುಮಕ್ಕಳನ್ನು ಹೀಗೆ ದೇವರಿಗೆ ಬಿಡುವುದನ್ನು ನಿಷೇಧಿಸಲು 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಬೇಕಾಯಿತು. ವರ್ಷಕ್ಕೊಂದು ದಿನದ ಉಗುಳು ಉಳಿದ ದಿನಗಳ ಬಾಯಿಗೆ ಹಾಕಿದ ಬೀಗ.

ಪಟ್ಟಣದವರ ಕತೆಗಳಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. 2004ರ 'ಆಪ್ತಮಿತ್ರ' ಸಿನಿಮಾವನ್ನು ನೋಡದ ಕನ್ನಡಿಗರು ಕಡಿಮೆ. ಮಲಯಾಳದಲ್ಲಿ 1993ರಲ್ಲಿ ಬಂದಿದ್ದ 'ಮಣಿಚಿತ್ರತಾಳ್' ಅದರ ಮೂಲ. ಕನ್ನಡದಲ್ಲಿ ಪಿ. ವಾಸು ಅದನ್ನು ನಮ್ಮ ಮೈಸೂರಿಗೆ ತಂದು ನಿಲ್ಲಿಸಿದರು. ಗಂಗಾ ಎಂಬ ಹೆಣ್ಣುಮಗಳ ಮೈಯಲ್ಲಿ ನಾಗವಲ್ಲಿ ಎಂಬ ನರ್ತಕಿ ಏಳುತ್ತಾಳೆ. ನಾಗವಲ್ಲಿಯ ಪ್ರಿಯಕರನನ್ನು ಕೊಂದು ಅವಳನ್ನೂ ಸುಟ್ಟವನು ಒಬ್ಬ ದೊರೆ. ಅವಳು ಬೇಟೆಯಾಡಲು ಬಂದಿರುವುದು ಆ ದೊರೆಯನ್ನು. ನೋಡಿ, ಎಷ್ಟು ನ್ಯಾಯವಾದ ಬೇಟೆ. ಆ ಪಾತ್ರ ಮಾಡಿದ ಸೌಂದರ್ಯ ಸಿನಿಮಾ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್‌ನಲ್ಲಿ, ವಿಮಾನ ಬಿದ್ದು ತೀರಿಕೊಂಡಿದ್ದರು. ಅದಕ್ಕೇ ಇರಬೇಕು, ತೆರೆಯ ಮೇಲೆ ಅವರ ಕಣ್ಣು ನೋಡಿದಾಗ ನಮ್ಮ ಅವ್ವಂದಿರು ಕೈಮುಗಿಯುತ್ತಿದ್ದರು.

ಕೊನೆಗೆ ಏನಾಗುತ್ತದೆ? ಮನಶ್ಶಾಸ್ತ್ರದ ಡಾಕ್ಟರು ಉಪಾಯ ಹೂಡುತ್ತಾರೆ. ದೊರೆಯ ಜಾಗದಲ್ಲಿ ಬೊಂಬೆ ಇಡುತ್ತಾರೆ. ನಾಗವಲ್ಲಿ ಬೊಂಬೆಯನ್ನೇ ದೊರೆ ಅಂತ ನಂಬಿ, ದೊರೆ ಸತ್ತ ಅಂದುಕೊಂಡು ಗಂಗಾಳ ಮೈ ಬಿಟ್ಟು ಹೋಗುತ್ತಾಳೆ. ಗಂಗಾ ವಾಸಿಯಾದಳು, ಸರಿ. ಕಾಯಿಲೆಯಾದವಳಿಗೆ ಡಾಕ್ಟರು ಬೇಕು, ಮಂತ್ರವಾದಿ ಬೇಡ. ಇದರಲ್ಲಿ ನಮ್ಮದೇನೂ ತಕರಾರಿಲ್ಲ. ಹಟ್ಟಿಯ ಹೆಂಗಸಿಗೆ ನಿಮ್ಹಾನ್ಸಿನಂಥ ಆಸ್ಪತ್ರೆಯ ದಾರಿ ತೋರಿಸುವುದು ಬರಲಿನ ಏಟಿಗಿಂತ ಸಾವಿರ ಪಾಲು ಮೇಲು. ಆದರೆ ಕತೆಯಾಗಿ ನೋಡಿದರೆ? ನಾಗವಲ್ಲಿಗೆ ಸಿಕ್ಕಿದ್ದು ಬೊಂಬೆ. ಮಾರಿಹಬ್ಬದಲ್ಲಿ ಚಿಕ್ಕವ್ವನಿಗೆ ಸಿಕ್ಕಿದ್ದೂ ಅಷ್ಟೆ, ಅಕ್ಕಿ ಕಾಯಿ. ನೊಂದವಳ ಸಿಟ್ಟಿಗೆ ಒಂದು ಬೊಂಬೆ ಮಾಡಿ ಕೊಟ್ಟು ಮನೆಗೆ ಕಳಿಸುವ ಕಲೆ ನಮ್ಮ ದೇಶಕ್ಕೆ ಬಹಳ ಹಿಂದಿನಿಂದ ಗೊತ್ತಿದೆ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಇಂಗ್ಲಿಷ್ ಕಾದಂಬರಿ ಓದುವಾಗ ನಮ್ಮನ್ನು ಇನ್ನೊಂದು ಮುಳ್ಳು ಚುಚ್ಚುತ್ತಲೇ ಇತ್ತು. ಅಲ್ಲಿ ರಾಕ್ಷಸ ಯಾರು ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಕೋಡು ಇರುತ್ತದೆ, ಕಣ್ಣು ಕೆಂಪಗಿರುತ್ತದೆ, ಕೊಲ್ಲಬಹುದು. ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಅಷ್ಟು ಸಲೀಸಾಗಿ ನಂಬಲು ಬರುವುದಿಲ್ಲ. ನಮ್ಮ ಜಿಲ್ಲೆಗೆ ಹೆಸರು ಕೊಟ್ಟವನೇ ಮಹಿಷ. ಚಾಮುಂಡಿಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತಿರುವ ಅವನನ್ನು ಬಂದವರೆಲ್ಲ ರಾಕ್ಷಸ ಅಂತ ಮಕ್ಕಳಿಗೆ ತೋರಿಸುತ್ತಾರೆ. ಅವನು ರಾಕ್ಷಸನಲ್ಲ, ಈ ನೆಲದ ಮೂಲದವನು, ಅರಸ ಅನ್ನುವವರೂ ಇದ್ದಾರೆ. ಅವರು ಮಹಿಷ ದಸರಾ ಮಾಡಲು ಹೊರಟರೆ 2019ರಲ್ಲಿ ಬೆಟ್ಟದ ಮೇಲೆ ಬಿಡಲಿಲ್ಲ. 2023ರಲ್ಲಿ ನಿಷೇಧಾಜ್ಞೆಯ ನಡುವೆ ಪುರಭವನದಲ್ಲಿ ಮಾಡಿದರು. ಚರಿತ್ರೆಯ ಪ್ರಶ್ನೆಯನ್ನು ಚರಿತ್ರೆಕಾರರು ತೀರ್ಮಾನಿಸಲಿ. ಒಬ್ಬನನ್ನು ರಾಕ್ಷಸ ಅಲ್ಲ ಅನ್ನುವುದಕ್ಕೇ ಪೊಲೀಸರು ಬರಬೇಕಾಗುತ್ತದೆ ಅನ್ನುವುದು ಚರಿತ್ರೆಯಲ್ಲ, ಇವತ್ತಿನ ಸಂಗತಿ.

ಮಾರಿಯ ಕತೆಯಂತೂ ಇನ್ನೂ ನೇರ. ಮಾರಿ ಮೊದಲು ಬ್ರಾಹ್ಮಣರ ಹುಡುಗಿಯಂತೆ. ಹೊಲೆಯರ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಅವಳನ್ನು ಮದುವೆಯಾದನಂತೆ. ಮಕ್ಕಳೂ ಆದವಂತೆ. ಒಂದು ದಿನ ಅತ್ತೆಯ ಬಾಯಿಂದ ಬಾಡಿನೂಟದ ಮಾತು ಬಂದು ಗುಟ್ಟು ಒಡೆಯಿತಂತೆ. ಮಾರಿ ಉಗ್ರಳಾಗಿ ಗಂಡನ ಬೆನ್ನಟ್ಟಿದಳು, ಅವನು ಕೋಣನೊಳಗೆ ಹೊಕ್ಕ, ಅವಳು ಕಡಿದಳು. ಅದಕ್ಕೇ ವರ್ಷ ವರ್ಷ ಮಾರಿಗೆ ಕೋಣನ ಬಲಿ. ಕಡಿದ ಕೋಣನ ಮುಂಗಾಲನ್ನು ಅದರ ಬಾಯಿಗೇ ತುರುಕಿ, ತಲೆಯ ಮೇಲೆ ದೀಪ ಹಚ್ಚುವುದು ಹಳೆಯ ಕಟ್ಟಳೆ. ಆ ಬಲಿಗೆ ತಮಟೆ ಬಡಿಯುವವರು ಯಾರು? ನಾವು. ಆ ತಲೆ ಹೊರುತ್ತಿದ್ದವರು ಯಾರು? ನಮ್ಮ ತಾತಂದಿರು. ಕೋಣನೊಳಗೆ ಹೊಕ್ಕವನು ಯಾರು ಅಂತ ಗೊತ್ತಿದ್ದೂ ಹೊತ್ತರೋ, ಗೊತ್ತಿಲ್ಲದೆ ಹೊತ್ತರೋ. ರೋಷ ಬಂದ ಹೆಣ್ಣು ಬೇಟೆಗೆ ಹೊರಟಳು, ನಿಜ. ಆದರೆ ಅವಳ ಕೈಗೆ ಕತ್ತಿ ಕೊಟ್ಟವರು ಬೇಟೆಯ ಪ್ರಾಣಿಯನ್ನು ಮೊದಲೇ ಗೊತ್ತು ಮಾಡಿಟ್ಟಿದ್ದರು. ಪ್ರೀತಿಸಿದವನೇ ರಾಕ್ಷಸ. ಜಾತಿ ಮೀರಿ ಮದುವೆಯಾದವರನ್ನು ಈಗಲೂ ಬೆನ್ನಟ್ಟಿ ಕಡಿಯುವವರು ಆ ಕತೆಯನ್ನು ಪೂರ್ತಿ ನಂಬಿಯೇ ಕಡಿಯುತ್ತಾರೆ.

ಹಾಗಾದರೆ ನಮ್ಮ ಕಡೆಯ ಹೆಣ್ಣಿಗೆ ಹೇಳಿಕೊಳ್ಳಲು ಒಂದು ಬೇಟೆಯ ಕತೆಯೂ ಇಲ್ಲವೇ? ಇದೆ. ಬೆಟ್ಟದ ಬುಡದ ಉತ್ತನಹಳ್ಳಿಯ ಅಮ್ಮನದು. ರಾಕ್ಷಸನ ಒಂದೊಂದು ತೊಟ್ಟು ರಕ್ತ ನೆಲಕ್ಕೆ ಬಿದ್ದರೂ ಸಾವಿರ ರಾಕ್ಷಸರು ಏಳುತ್ತಿದ್ದರಂತೆ. ಚಾಮುಂಡಿ ಕಡಿದಷ್ಟೂ ಜಾಸ್ತಿಯಾದರು. ಆಗ ತಂಗಿ ಉತ್ತನಹಳ್ಳಿ ನಾಲಿಗೆಯನ್ನು ನೆಲದ ಉದ್ದಕ್ಕೂ ಹಾಸಿದಳು. ಒಂದು ತೊಟ್ಟೂ ನೆಲ ಮುಟ್ಟಲಿಲ್ಲ. ಸಂಸ್ಕೃತದ ದೇವೀಮಹಾತ್ಮೆಯಲ್ಲಿ ರಕ್ತಬೀಜನ ಹೆಸರಿನಲ್ಲಿ ಇದೇ ಕತೆ ಬರುತ್ತದೆ. ಹಾಡುವ ನಮ್ಮ ಜನ ಅದನ್ನು ಅಕ್ಕತಂಗಿಯರ ಕತೆ ಮಾಡಿಕೊಂಡರು. ನಮಗೆ ಆ ರಾಕ್ಷಸನ ಹೆಸರು ಬೇಡ. ಆ ನಾಲಿಗೆ ಬೇಕು. ಗೆದ್ದದ್ದು ಬೆಟ್ಟದ ಮೇಲಿನವಳ ಕತ್ತಿಯಲ್ಲ, ಬುಡದವಳ ನಾಲಿಗೆ ಅನ್ನುವ ಮಾತನ್ನು ಯಾರೋ ನಮ್ಮಂಥವರೇ ಆ ಕತೆಯೊಳಗೆ ಬಚ್ಚಿಟ್ಟು ಹೋಗಿದ್ದಾರೆ.

ಆದ್ದರಿಂದ ಇಂಗ್ಲಿಷ್ ಕಾದಂಬರಿಯನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಅದರಲ್ಲಿ ಒಂದು ನಿಜವಿದೆ. ಒಳಗಿನ ದೆವ್ವಕ್ಕೆ ಹೊರಗಿನ ರಾಕ್ಷಸನ ವಾಸನೆ ಬೇಗ ಸಿಗುತ್ತದೆ. ಚಿಕ್ಕವ್ವನ ಮೈಮೇಲೆ ಬಂದದ್ದು ಏನೇ ಇರಲಿ, ಕಾಯಿಲೆಯಿರಲಿ, ಹಸಿ ಸೊಪ್ಪಿನ ನಂಜಿರಲಿ, ವರ್ಷಗಟ್ಟಲೆ ನುಂಗಿದ ಮಾತಿರಲಿ, ಅದು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ಅದನ್ನು ಬಿಡಿಸಿದವರು. ಕಾದಂಬರಿಯ ಸುಳ್ಳು ಬೇರೆ ಕಡೆ ಇದೆ. ಅಲ್ಲಿ ಹುಡುಗಿ ಒಬ್ಬಳೇ. ಒಬ್ಬಳೇ ಹೋಗಿ, ಒಬ್ಬಳೇ ಕೊಂದು, ಒಬ್ಬಳೇ ಮನೆಗೆ ಬರುತ್ತಾಳೆ. ಕೂಲಿಯ ಲೆಕ್ಕ ಕೇಳಲು ಒಬ್ಬಳೇ ಹೋದವಳಿಗೆ ಏನಾಗುತ್ತದೆ ಅಂತ ಹೊಗೆಸೊಪ್ಪಿನ ಸೀಮೆಯಲ್ಲಿ ಕೇಳಿ ನೋಡಿ.

ಕನ್ನಡದಲ್ಲಿ ಇಂಥದ್ದನ್ನು ಬರೆಯುವ ದಾರಿಯೂ ನಮಗೆ ಹೊಸದಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಗಳೇ ರಾತ್ರಿ ಸೇರಿ ಮನೆಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಮನುಷ್ಯರು ಹೇಳಲಾರದ್ದನ್ನು ಅವು ಹೇಳುತ್ತವೆ. ನಾವು ಮಾಡುತ್ತಿರುವುದು ಅದಕ್ಕಿಂತ ಸಣ್ಣ ಕೆಲಸ. ಭಾನುವಾರ ಭಾನುವಾರ ಹಟ್ಟಿಗಳಿಗೆ ಹೋಗಿ, ಹಿಂದೆ ಮೈಮೇಲೆ ಬಂದಿದ್ದ ಹೆಂಗಸರ ಹತ್ತಿರ ಕೂತು, ಅವತ್ತು ಏನು ಹೇಳಿದಿರಿ ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಹಲವರಿಗೆ ನೆನಪಿಲ್ಲ. ಕೆಲವರು ನೆನಪಿಲ್ಲ ಅನ್ನುತ್ತ ಅಳುತ್ತಾರೆ. ಕೆಲವರು ನೆಟ್ಟಗೆ ಹೇಳುತ್ತಾರೆ. ಹೊಲದ ಬದು, ಕೂಲಿಯ ಬಾಕಿ, ಕುಡಿದು ಬರುವ ಗಂಡ, ಮೈ ಮುಟ್ಟಿದ ಮೇಸ್ತ್ರಿ. ಕುಡಿದು ಬರುವ ಗಂಡ ಅಂತ ಬರೆದಾಗ ನಮ್ಮ ಕೇರಿಯ ಗಂಡಸರಿಗೂ ಮುಖ ಕೆಂಪಾಗುತ್ತದೆ. ಆಗಲಿ. ಪಟ್ಟಿ ಅಂದ ಮೇಲೆ ಅದರಲ್ಲಿ ನಮ್ಮವರೂ ಇರುತ್ತಾರೆ.

ಚಿಕ್ಕವ್ವನ ಹತ್ತಿರ ಕೊನೆಗೆ ಹೋದೆವು. ಬರೆದುಕೊಳ್ಳಲಾ ಚಿಕ್ಕವ್ವ, ಅಂದೆವು. ಅವಳು ಮಂಕರಿ ಪಕ್ಕಕ್ಕಿಟ್ಟು ನೋಟ್‌ಬುಕ್ ಕಡೆ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ.

"ಬರ್ಕೊಳಿ ಮಗ," ಅಂದಳು. "ನನ್ ಎಸ್ರು ಬ್ಯಾಡ. ಅವುನ್ ಎಸ್ರು ಬರ್ಕೊಳಿ."